ಗೆಳೆಯನ ನೆನಪಿನ ಕೆಂಪು ಹೂವು

ಗಸಗಸೆ ಯಾರಿಗೆ ಗೊತ್ತಿಲ್ಲ? ಹಬ್ಬ ಬಂತು ಅಂದರೆ ಗಸಗಸೆ ಪಾಯಸ. ಗಸಗಸೆ ಹುರಿದು, ತೆಂಗಿನಕಾಯಿ ಜೊತೆ ರುಬ್ಬಿ, ಬೆಲ್ಲ ಹಾಕಿ ಕುದಿಸಿದರೆ ಮನೆಯೆಲ್ಲ ಘಮಘಮ. ಉಂಡ ಮೇಲೆ ನಿದ್ದೆ ತಾನಾಗಿ ಬರುತ್ತದೆ. ಆ ಕಾಳು ಎಷ್ಟು ಸಣ್ಣದು ನೋಡಿ. ಸಾಸಿವೆಗಿಂತ ಸಣ್ಣದು. ಅಂಗೈ ಮೇಲೆ ಒಂದು ಚಿಟಿಕೆ ಹಾಕಿಕೊಂಡರೆ ಎಣಿಸಲು ಆಗುವುದಿಲ್ಲ.

ಗಸಗಸೆ ಗಿಡವನ್ನು ಯಾರು ಬೇಕಾದರೂ ಬೆಳೆಯುವ ಹಾಗಿಲ್ಲ. ಯಾಕೆಂದರೆ ಅದರ ಕಾಯಿಯ ಹಾಲಿನಿಂದ ಅಫೀಮು ತೆಗೆಯುತ್ತಾರೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಕೆಲವು ಕಡೆ ರೈತರು ಸರ್ಕಾರದ ಪರವಾನಗಿ ಪಡೆದು ಬೆಳೆಯುತ್ತಾರೆ. ಅದಕ್ಕೇ ನಮ್ಮಲ್ಲಿ ಬಹಳ ಜನ ಕಾಳು ನೋಡಿದ್ದೇವೆ, ಹೂವು ನೋಡಿಲ್ಲ.

ಈ ಗಸಗಸೆ ಗಿಡಕ್ಕೆ ಯೂರೋಪಿನಲ್ಲಿ ಒಂದು ದಾಯಾದಿ ಗಿಡ ಇದೆ. ಅದರಿಂದ ಅಫೀಮು ತೆಗೆಯುವುದಿಲ್ಲ. ಅದು ಬರೀ ಕಳೆ. ಗೋಧಿ ಹೊಲದ ನಡುವೆ, ರಸ್ತೆ ಬದಿಯಲ್ಲಿ ತಾನಾಗಿ ಹುಟ್ಟುತ್ತದೆ. ಅಲ್ಲಿಯ ರೈತರಿಗೆ ಅದು ಬೇಡದ ಗಿಡ. ಆದರೆ ಅದರ ಹೂವು ನೋಡಲು ಬಲು ಚಂದ. ತೆಳ್ಳನೆಯ ಎಸಳು, ರಕ್ತದಂಥ ಕೆಂಪು ಬಣ್ಣ. ಇಂಗ್ಲಿಷಿನಲ್ಲಿ ಇದಕ್ಕೆ ‘ಪಾಪಿ’ ಹೂವು ಎನ್ನುತ್ತಾರೆ. ನಮ್ಮ ಭಾಷೆಯ ಪಾಪಿ ಅಲ್ಲ, ಗಾಬರಿ ಬೇಡ!

ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ಇಂಗ್ಲೆಂಡ್, ಕೆನಡಾ ಮುಂತಾದ ದೇಶಗಳ ಜನ ಈ ಹೂವಿನಂತೆ ಮಾಡಿದ ಕೆಂಪು ಹೂವನ್ನು ಎದೆಯ ಮೇಲೆ ಸಿಕ್ಕಿಸಿಕೊಳ್ಳುತ್ತಾರೆ. ಮಂತ್ರಿಗಳೂ ಸಿಕ್ಕಿಸಿಕೊಳ್ಳುತ್ತಾರೆ, ಬಸ್ ಓಡಿಸುವವರೂ ಸಿಕ್ಕಿಸಿಕೊಳ್ಳುತ್ತಾರೆ. ಯುದ್ಧದಲ್ಲಿ ಸತ್ತವರ ನೆನಪಿಗಾಗಿ ಅದು.

ಗುಲಾಬಿ ಇರಲಿಲ್ಲವೇ? ಮಲ್ಲಿಗೆ ಇರಲಿಲ್ಲವೇ? ಹೊಲದ ಕಳೆ ಗಿಡದ ಹೂವೇ ಯಾಕೆ? ಇದರ ಹಿಂದೆ ಇಬ್ಬರು ಗೆಳೆಯರ ಕತೆ ಇದೆ. ಒಬ್ಬರು ಡಾಕ್ಟರು. ಇನ್ನೊಬ್ಬ ಎಂಜಿನಿಯರಿಂಗ್ ಓದಿದ ಹುಡುಗ. ಬನ್ನಿ, ಆ ಕತೆ ಓದೋಣ.

ಡಾಕ್ಟರು ಮತ್ತು ಹುಡುಗ

ಡಾಕ್ಟರ ಹೆಸರು ಜಾನ್ ಮೆಕ್ರೇ. ಅವರ ಊರು ಕೆನಡಾ ದೇಶದ ಗ್ವೆಲ್ಫ್. ಹುಟ್ಟಿದ್ದು 1872ರಲ್ಲಿ. ಮಾಂಟ್ರಿಯಲ್ ಪಟ್ಟಣದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಆಗುವವರಿಗೆ ಪಾಠ ಹೇಳುತ್ತಿದ್ದರು. ಒಳ್ಳೆಯ ಹೆಸರಿತ್ತು. ನಗಿಸಿ ಮಾತಾಡುವ ಮನುಷ್ಯ. ಬಿಡುವು ಸಿಕ್ಕರೆ ಕವಿತೆ ಬರೆಯುತ್ತಿದ್ದರು, ಚಿತ್ರ ಬಿಡಿಸುತ್ತಿದ್ದರು. ಮದುವೆ ಆಗಿರಲಿಲ್ಲ.

ಹುಡುಗನ ಹೆಸರು ಅಲೆಕ್ಸಿಸ್ ಹೆಲ್ಮರ್. ಕೆನಡಾದ ಒಟ್ಟಾವಾ ಪಟ್ಟಣದವನು. ಮೆಕ್ರೇ ಕಲಿಸುತ್ತಿದ್ದ ಮೆಕ್‌ಗಿಲ್‌ನಲ್ಲೇ ಎಂಜಿನಿಯರಿಂಗ್ ಓದಿದವನು. ಡಾಕ್ಟರಿಗೂ ಅವನಿಗೂ ಇಪ್ಪತ್ತು ವರ್ಷದ ಅಂತರ. ಹೆಚ್ಚು ಕಡಿಮೆ ಚಿಕ್ಕಪ್ಪ, ಮಗನ ವಯಸ್ಸು ಅನ್ನಿ. ಆದರೂ ಇಬ್ಬರೂ ಗೆಳೆಯರಾದರು. ಸ್ನೇಹಕ್ಕೆ ವಯಸ್ಸು ಯಾಕೆ ಬೇಕು?

1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾಯಿತು. ಒಂದು ಕಡೆ ಜರ್ಮನಿ ಮತ್ತು ಅದರ ಜೊತೆಗಾರ ದೇಶಗಳು. ಇನ್ನೊಂದು ಕಡೆ ಇಂಗ್ಲೆಂಡ್, ಫ್ರಾನ್ಸ್, ರಷ್ಯಾ ಮತ್ತು ಇತರರು. ಕೆನಡಾ ಆಗ ಇಂಗ್ಲೆಂಡಿನ ಸಾಮ್ರಾಜ್ಯಕ್ಕೆ ಸೇರಿತ್ತು. ನಮ್ಮ ದೇಶವೂ ಅಷ್ಟೇ. ದೊರೆ ಯುದ್ಧ ಸಾರಿದ ಅಂದರೆ ಎಲ್ಲರೂ ಹೊರಡಬೇಕು.

ಮೆಕ್ರೇ ಅವರಿಗೆ ಆಗ 41 ವರ್ಷ. ಹೋಗದೆ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೂ ತಾವೇ ಮುಂದೆ ಬಂದು ಸೇರಿದರು. ಫಿರಂಗಿ ದಳದ ಡಾಕ್ಟರಾದರು. ಹೆಲ್ಮರ್ ಅದೇ ದಳದಲ್ಲಿ ಅಧಿಕಾರಿಯಾದ. ಮೆಕ್ರೇ ತಮ್ಮ ಜೊತೆ ಒಂದು ಕುದುರೆಯನ್ನೂ ಕರೆದುಕೊಂಡು ಹೋದರು. ಗೆಳೆಯರೊಬ್ಬರು ಕೊಟ್ಟ ಕುದುರೆ ಅದು. ಹೆಸರು ಬಾನ್‌ಫೈರ್. ಊರಲ್ಲಿದ್ದ ತಮ್ಮ ತಂಗಿಯ ಮಕ್ಕಳಿಗೆ ಮೆಕ್ರೇ ಕಾಗದ ಬರೆಯುತ್ತಿದ್ದರು. ಕುದುರೆಯೇ ಕಾಗದ ಬರೆದ ಹಾಗೆ ಬರೆದು, ಕೊನೆಗೆ ಸಹಿ ಇರುವ ಜಾಗದಲ್ಲಿ ಗೊರಸಿನ ಗುರುತು ಹಾಕುತ್ತಿದ್ದರು! ಯುದ್ಧದ ನಡುವೆಯೂ ಮಕ್ಕಳನ್ನು ನಗಿಸುವ ಮನಸ್ಸು ಅವರಿಗಿತ್ತು.

ಹಳದಿ ಹೊಗೆ ಬಂತು

ಬೆಲ್ಜಿಯಂ ಒಂದು ಚಿಕ್ಕ ದೇಶ. ಅಲ್ಲಿ ಈಪ್ರ್ ಎಂಬ ಹಳೆಯ ಪಟ್ಟಣ. ಆ ಸೀಮೆಗೆ ಫ್ಲಾಂಡರ್ಸ್ ಎಂದು ಹೆಸರು. ಎರಡೂ ಕಡೆಯ ಸೈನ್ಯಗಳು ಅಲ್ಲಿ ನೆಲ ಅಗೆದು, ಕಂದಕದೊಳಗೆ ಕೂತು ಕಾದಾಡುತ್ತಿದ್ದವು. ತಲೆ ಎತ್ತಿದರೆ ಗುಂಡು. ಮಳೆ ಬಂದರೆ ಮೊಣಕಾಲುದ್ದ ಕೆಸರು. ಇಲಿ, ಹೇನು, ಹೆಣದ ವಾಸನೆ.

1915ರ ಏಪ್ರಿಲ್ 22ರ ಸಂಜೆ. ಗಾಳಿ ಜರ್ಮನರ ಕಡೆಯಿಂದ ಈಚೆಗೆ ಬೀಸುತ್ತಿತ್ತು. ಆ ಗಾಳಿಯಲ್ಲಿ ಹಸಿರು ಹಳದಿ ಬಣ್ಣದ ಹೊಗೆ ನೆಲ ಸವರಿಕೊಂಡು ಬಂತು. ಅದು ಕ್ಲೋರಿನ್ ಅನಿಲ. ಕುಡಿಯುವ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ಒಂದು ಘಾಟು ವಾಸನೆ ಬರುತ್ತದಲ್ಲ? ಅದೇ ಜಾತಿ. ನೀರಿಗೆ ಚೂರು ಹಾಕಿದರೆ ರೋಗ ತಡೆಯುತ್ತದೆ. ಮೂಗಿಗೆ ಹೆಚ್ಚಾಗಿ ಹೋದರೆ ಪುಪ್ಪುಸ ಸುಡುತ್ತದೆ. ಮನುಷ್ಯ ಉಸಿರು ಸಿಗದೆ ಒದ್ದಾಡಿ ಸಾಯುತ್ತಾನೆ.

ಹೊಗೆ ಮೊದಲು ಫ್ರಾನ್ಸಿನ ಸೈನ್ಯದ ಮೇಲೆ ಬಂತು. ಅವರ ಸಾಲು ಒಡೆಯಿತು. ಆ ಜಾಗ ತುಂಬಲು ಕೆನಡಾದವರು ನಿಂತರು. ಮುಖಕ್ಕೆ ಹಾಕುವ ಮುಸುಕು ಆಗ ಯಾರ ಹತ್ತಿರವೂ ಇರಲಿಲ್ಲ. ಬಟ್ಟೆಯನ್ನು ನೀರಿನಲ್ಲೋ ಮೂತ್ರದಲ್ಲೋ ನೆನೆಸಿ ಮೂಗಿಗೆ ಹಿಡಿದುಕೊಂಡರು. ಕೇಳಲು ಹೇಸಿಗೆ ಅನ್ನಿಸಬಹುದು. ಆದರೆ ಅದರಿಂದ ಕೆಲವರ ಜೀವ ಉಳಿಯಿತು.

ನಮ್ಮವರೂ ಅಲ್ಲಿದ್ದರು. ಭಾರತದ ಸೈನಿಕರ ಲಾಹೋರ್ ಡಿವಿಜನ್ ಎಂಬ ಪಡೆಯನ್ನು ಅವಸರದಿಂದ ಅಲ್ಲಿಗೆ ನಡೆಸಿದರು. ಏಪ್ರಿಲ್ 26ರಂದು ಅವರು ಬಯಲಿನಲ್ಲಿ ಮುನ್ನುಗ್ಗಿದರು. ಮೇಲಿಂದ ಗುಂಡು, ಎದುರಿಂದ ವಿಷದ ಹೊಗೆ. ಆ ದಿನ ಮೀರ್ ದಸ್ತ್ ಎಂಬ ಜಮಾದಾರ, ಗಾಯಗೊಂಡು ಬಿದ್ದಿದ್ದ ಎಂಟು ಜನ ಅಧಿಕಾರಿಗಳನ್ನು ಗುಂಡಿನ ಮಳೆಯಲ್ಲೇ ಹೊರಗೆ ತರಲು ನೆರವಾದ. ಅವರಲ್ಲಿ ಬಿಳಿಯರೂ ಇದ್ದರು, ಭಾರತದವರೂ ಇದ್ದರು. ಅವನಿಗೆ ವಿಕ್ಟೋರಿಯಾ ಕ್ರಾಸ್ ಎಂಬ ದೊಡ್ಡ ಪದಕ ಸಿಕ್ಕಿತು.

ಕಾಲುವೆ ದಂಡೆಯ ಆಸ್ಪತ್ರೆ

ಮೆಕ್ರೇ ಅವರ ಆಸ್ಪತ್ರೆ ಹೇಗಿತ್ತು ಗೊತ್ತೇ? ಮಂಚ ಇಲ್ಲ, ಗೋಡೆ ಇಲ್ಲ. ಒಂದು ಕಾಲುವೆಯ ದಂಡೆಯಲ್ಲಿ ಮಣ್ಣು ಕೊರೆದು ಮಾಡಿದ ಗುಹೆ, ಅಷ್ಟೇ. ಗುಂಡು ತಗುಲಿದವರು ಎಷ್ಟೋ ಸಲ ದಂಡೆಯ ಮೇಲಿಂದ ಉರುಳಿಕೊಂಡು ಬಂದು ಗುಹೆಯ ಬಾಗಿಲಿಗೇ ಬೀಳುತ್ತಿದ್ದರು. ಹಗಲು ರಾತ್ರಿ ಹದಿನೇಳು ದಿನ ಹೀಗೇ ನಡೆಯಿತು. ಆ ಹದಿನೇಳು ದಿನದಲ್ಲಿ ತಾನು ಎಚ್ಚರ ಇದ್ದಾಗ ಗುಂಡಿನ ಸದ್ದು ಒಂದು ನಿಮಿಷವೂ ನಿಲ್ಲಲಿಲ್ಲ ಎಂದು ಅವರು ತಾಯಿಗೆ ಕಾಗದ ಬರೆದಿದ್ದಾರೆ.

ಗುಹೆಯ ಪಕ್ಕದಲ್ಲೇ ಸತ್ತವರನ್ನು ಹೂಳುತ್ತಿದ್ದರು. ಮರದ ಶಿಲುಬೆಗಳು ದಿನ ದಿನಕ್ಕೂ ಹೆಚ್ಚುತ್ತಿದ್ದವು.

ಮೇ 2, ಭಾನುವಾರ. ಬೆಳಿಗ್ಗೆ ಹೆಲ್ಮರ್ ತನ್ನ ಫಿರಂಗಿಗಳನ್ನು ನೋಡಲು ಹೊರಗೆ ಹೋದ. ಜರ್ಮನರ ಒಂದು ದೊಡ್ಡ ಸಿಡಿಗುಂಡು ಅಲ್ಲಿಗೇ ಬಿದ್ದು ಸಿಡಿಯಿತು. ಹೆಲ್ಮರ್ ಅಲ್ಲೇ ಸತ್ತ. ಅವನಿಗೆ 22 ವರ್ಷ.

ಹೂಳಲು ದೇಹ ಎಂದು ಹೇಳುವಂಥದ್ದು ಉಳಿದಿರಲಿಲ್ಲ. ಸಿಕ್ಕಿದ್ದನ್ನು ಕೂಡಿಸಿ, ಕಂಬಳಿಯಲ್ಲಿ ಸುತ್ತಿದರು. ಆ ಸಂಜೆ ಕತ್ತಲಲ್ಲಿ ಹೂಳಿದರು. ದೀಪ ಹಚ್ಚುವ ಹಾಗಿಲ್ಲ. ಬೆಳಕು ಕಂಡರೆ ಶತ್ರು ಗುಂಡು ಹಾರಿಸುತ್ತಾನೆ. ಮಂತ್ರ ಹೇಳುವ ಪಾದ್ರಿ ಬೇರೆ ಕಡೆ ಹೋಗಿದ್ದರು. ಕಡೆಗೆ ಡಾಕ್ಟರ್ ಮೆಕ್ರೇ ಅವರೇ ನಿಂತರು. ಕೈಯಲ್ಲಿ ಪುಸ್ತಕ ಇಲ್ಲ. ನೆನಪಿಗೆ ಬಂದಷ್ಟು ಪ್ರಾರ್ಥನೆ ಹೇಳಿ ಗೆಳೆಯನನ್ನು ಮಣ್ಣಿಗೆ ಒಪ್ಪಿಸಿದರು.

ಅಷ್ಟು ದಿನ ಎಷ್ಟೋ ಜನ ಸಾಯುವುದನ್ನು ಅವರು ಕಂಡಿದ್ದರು. ಡಾಕ್ಟರಿಗೆ ಸಾವು ಹೊಸದಲ್ಲ. ಆದರೆ ನಮ್ಮವನು ಸತ್ತಾಗಲೇ ಸಾವಿನ ತೂಕ ತಿಳಿಯುವುದು, ಅಲ್ಲವೇ?

ಹದಿನೈದು ಸಾಲು

ಮರುದಿನ ಮೆಕ್ರೇ ಅಲ್ಲೇ ಕೂತು ಹದಿನೈದು ಸಾಲಿನ ಒಂದು ಕವಿತೆ ಬರೆದರು. ಆಗ ಟಪಾಲು ತಂದಿದ್ದ ಒಬ್ಬ ಹುಡುಗ ಅವರನ್ನು ನೋಡಿದ. ಡಾಕ್ಟರು ಬರೆಯುತ್ತಾ ನಡುನಡುವೆ ಹೆಲ್ಮರನ ಗೋರಿಯ ಕಡೆ ಕಣ್ಣು ಹಾಯಿಸುತ್ತಿದ್ದರು ಎಂದು ಅವನು ಮುಂದೆ ಹೇಳಿದ. ಬರೆದದ್ದು ಹೀಗಲ್ಲ, ಹಾಗೆ ಎಂದು ಬೇರೆ ಮಾತುಗಳೂ ಇವೆ. ಹೆಸರಾದ ಕವಿತೆಗೆ ಸಾಕ್ಷಿಗಳು ಹುಟ್ಟಿಕೊಳ್ಳುವುದು ಎಲ್ಲ ಕಡೆಯೂ ಉಂಟು.

ಕವಿತೆಯಲ್ಲಿ ಸತ್ತ ಸೈನಿಕರೇ ಮಾತಾಡುತ್ತಾರೆ. ಸಾಲು ಸಾಲು ಶಿಲುಬೆಗಳ ನಡುವೆ ಕೆಂಪು ಪಾಪಿ ಹೂವು ಅಲುಗುವುದನ್ನು ಹೇಳುತ್ತಾರೆ. ನಾವು ಬಿಟ್ಟು ಹೋದ ಹೋರಾಟವನ್ನು ನೀವು ಮುಂದುವರಿಸಿ ಎಂದು ಬದುಕಿದವರನ್ನು ಕೇಳುತ್ತಾರೆ.

ಹೂವು ನಿಜವಾಗಿ ಅಲ್ಲಿತ್ತೇ? ಇತ್ತು. ಇದು ಕವಿಯ ಕಲ್ಪನೆ ಅಲ್ಲ. ಪಾಪಿ ಬೀಜ ಮಣ್ಣಿನೊಳಗೆ ಹತ್ತಾರು ವರ್ಷ ಹಾಗೇ ಮಲಗಿರಬಲ್ಲದು. ಬೆಳಕು ಬೀಳದೆ ಅದು ಮೊಳೆಯುವುದಿಲ್ಲ. ನೆಲ ಉತ್ತು ಮಣ್ಣು ಮೇಲೆ ಕೆಳಗೆ ಆದಾಗ ಬೀಜ ಮೇಲಕ್ಕೆ ಬರುತ್ತದೆ. ಬಿಸಿಲು ಕಾಣುತ್ತದೆ, ಎದ್ದು ನಿಲ್ಲುತ್ತದೆ. ಉತ್ತ ಹೊಲದಲ್ಲಿ ಕಳೆ ಮೊದಲು ಬರುವುದು ರೈತರಿಗೆ ಹೇಳಿಕೊಡಬೇಕಾಗಿಲ್ಲ. ಫ್ಲಾಂಡರ್ಸಿನ ನೆಲವನ್ನು ನೇಗಿಲು ಉಳಲಿಲ್ಲ, ಸಿಡಿಗುಂಡು ಉತ್ತಿತು. ಕಂದಕ ಅಗೆದರು, ಗೋರಿ ಅಗೆದರು. ಬೇರೆ ಗಿಡ ಸತ್ತ ಜಾಗದಲ್ಲಿ ಪಾಪಿ ಎದ್ದಿತು. ಹೊಸ ಗೋರಿಯ ಹಸಿ ಮಣ್ಣಿನ ಮೇಲೆ ಮೊದಲು ಬಂದದ್ದೇ ಅದು.

ಸೈನಿಕರು ಆ ಹೂವನ್ನು ಕಿತ್ತು, ಕಾಗದದ ನಡುವೆ ಒತ್ತಿಟ್ಟು, ಮನೆಗೆ ಕಳಿಸುತ್ತಿದ್ದರು. ನಾವು ಪುಸ್ತಕದೊಳಗೆ ನವಿಲುಗರಿ ಇಡುತ್ತೇವಲ್ಲ, ಹಾಗೆ. ಕೆಂಪು ಹೋಗಿ ಕಂದು ಬಣ್ಣಕ್ಕೆ ತಿರುಗಿದ ಅಂಥ ಹೂವುಗಳು ಇಂದಿಗೂ ಕೆಲವು ಮನೆಗಳಲ್ಲಿ, ಸಂಗ್ರಹಾಲಯಗಳಲ್ಲಿ ಇವೆ.

ಮೆಕ್ರೇ ಕವಿತೆಯನ್ನು ಲಂಡನ್ನಿನ ಒಂದು ಪತ್ರಿಕೆ ಬೇಡ ಎಂದಿತು. ಇನ್ನೊಂದು ಪತ್ರಿಕೆ ‘ಪಂಚ್’ 1915ರ ಡಿಸೆಂಬರ್ 8ರಂದು ಅಚ್ಚು ಹಾಕಿತು. ಬರೆದವರ ಹೆಸರನ್ನೇ ಹಾಕಲಿಲ್ಲ. ಆದರೂ ಕವಿತೆ ಬಾಯಿಂದ ಬಾಯಿಗೆ ಹೋಯಿತು. ಸೈನಿಕರು ಬರೆದುಕೊಂಡು ಜೇಬಿನಲ್ಲಿಟ್ಟುಕೊಂಡರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಗೆಳೆಯನ ದುಃಖದಲ್ಲಿ ಹುಟ್ಟಿದ ಈ ಕವಿತೆಯನ್ನು ಸರ್ಕಾರಗಳು ಬೇರೆ ಕೆಲಸಕ್ಕೂ ಬಳಸಿಕೊಂಡವು. 1917ರಲ್ಲಿ ಕೆನಡಾ ಸರ್ಕಾರ ಯುದ್ಧದ ಖರ್ಚಿಗೆ ಜನರಿಂದ ಸಾಲ ಎತ್ತಿತು. ಅದರ ಗೋಡೆ ಚಿತ್ರಗಳಲ್ಲಿ ಈ ಕವಿತೆಯ ಮಾತು, ಪಾಪಿ ಹೂವು. ಹೊಸ ಹುಡುಗರನ್ನು ಸೈನ್ಯಕ್ಕೆ ಕರೆಯಲೂ ಇದೇ ಕವಿತೆ. ಒಬ್ಬ ಹೆಲ್ಮರ್ ಸತ್ತದ್ದಕ್ಕೆ ಅತ್ತ ಸಾಲುಗಳು, ಇನ್ನಷ್ಟು ಹೆಲ್ಮರುಗಳನ್ನು ಅಲ್ಲಿಗೇ ಕಳಿಸಿದವು. ಇದು ಮೆಕ್ರೇ ತಪ್ಪೇ? ಹೋರಾಟ ಮುಂದುವರಿಸಿ ಎಂದು ಅವರೇ ಬರೆದಿದ್ದರಲ್ಲ! ಅವರು ಸೈನಿಕರು, ತಮ್ಮ ಪಕ್ಷ ನ್ಯಾಯದ್ದು ಎಂದು ನಂಬಿದ್ದರು. ಕವಿತೆಯನ್ನು ಮೆಚ್ಚಿದವರೂ ಕೊನೆಯ ಸಾಲುಗಳ ಬಗ್ಗೆ ಇವತ್ತಿಗೂ ಜಗಳ ಆಡುತ್ತಾರೆ. ನನಗೆ ಕೇಳಿದರೆ, ಮೊದಲ ಸಾಲುಗಳಲ್ಲಿ ಗೆಳೆಯ ಮಾತಾಡುತ್ತಾನೆ, ಕೊನೆಯ ಸಾಲುಗಳಲ್ಲಿ ದಂಡಿನ ಅಧಿಕಾರಿ ಮಾತಾಡುತ್ತಾನೆ.

ಬರೆಯಲು ಬಾರದವರ ಕಾಗದಗಳು

ಮೆಕ್ರೇ ಅವರಿಗೆ ಅಕ್ಷರ ಗೊತ್ತಿತ್ತು. ತಾಯಿಗೆ ಬರೆದರು, ಮಕ್ಕಳಿಗೆ ಬರೆದರು, ಗೆಳೆಯನಿಗಾಗಿ ಕವಿತೆ ಬರೆದರು. ಅದಕ್ಕೇ ಹೆಲ್ಮರ್ ಎಂಬ ಹುಡುಗನೊಬ್ಬ ಇದ್ದ ಎಂದು ನಮಗೆ ಇಂದು ತಿಳಿದಿದೆ.

ಅದೇ ನೆಲದಲ್ಲಿ ಭಾರತದ ಸೈನಿಕರೂ ಗೆಳೆಯರನ್ನು ಕಳೆದುಕೊಂಡರು. ಅವರೂ ಕತ್ತಲಲ್ಲಿ ಹೂತರು, ಅತ್ತರು. ಆದರೆ ಅವರಲ್ಲಿ ಹೆಚ್ಚಿನವರಿಗೆ ಓದು ಬರಹ ಬರುತ್ತಿರಲಿಲ್ಲ. ಮನೆಗೆ ಕಾಗದ ಕಳಿಸಬೇಕಾದರೆ ಬರೆಯಲು ಬಲ್ಲ ಇನ್ನೊಬ್ಬನ ಮುಂದೆ ಕೂರಬೇಕು. ಹೇಳಿ ಬರೆಸಬೇಕು. ಊರಲ್ಲಿ ಹೆಂಡತಿಗೂ ಓದಲು ಬಾರದು. ಅಲ್ಲಿಯೂ ಯಾರಾದರೂ ಓದಿ ಹೇಳಬೇಕು. ಗಂಡ ಹೆಂಡತಿಯ ಮಾತು ನಾಲ್ಕು ಜನರ ಕಿವಿಗೆ ಬಿದ್ದ ಮೇಲೇ ಮುಟ್ಟುವುದು! ಗುಟ್ಟು ಹೇಳುವುದು ಹೇಗೆ?

ಇದೂ ಸಾಲದು ಎಂಬಂತೆ ಸರ್ಕಾರ ಆ ಕಾಗದಗಳನ್ನು ಒಡೆದು ಓದುತ್ತಿತ್ತು. ಯುದ್ಧದ ಕಷ್ಟ ಬರೆದರೆ ಊರಿನ ಹುಡುಗರು ಸೈನ್ಯಕ್ಕೆ ಸೇರುವುದಿಲ್ಲ ಎಂಬ ಅಂಜಿಕೆ ಅದಕ್ಕೆ. ಆದರೆ ನಮ್ಮವರೇನು ದಡ್ಡರೇ? ಮಾತನ್ನು ಮುಚ್ಚಿ ಹೇಳುವುದು ಕಲಿತರು. ಕರಿಮೆಣಸು ಎಂದರೆ ಭಾರತದ ಸೈನಿಕರು. ಕೆಂಪು ಮೆಣಸು ಎಂದರೆ ಬಿಳಿಯ ಸೈನಿಕರು. ಕರಿಮೆಣಸು ಖರ್ಚಾಗುತ್ತಿದೆ ಎಂದು ಬರೆಸಿದರೆ, ನಮ್ಮ ಜನ ಸಾಯುತ್ತಿದ್ದಾರೆ ಎಂದು ಊರವರು ತಿಳಿಯಬೇಕು. ಓದುವ ಅಧಿಕಾರಿಗಳಿಗೂ ಇದು ಬೇಗ ಗೊತ್ತಾಯಿತು ಅನ್ನಿ.

ಒಡೆದು ಓದಿದ ಆ ಕಾಗದಗಳಿಂದ ಕೆಲವು ಭಾಗಗಳನ್ನು ಅಧಿಕಾರಿಗಳು ಇಂಗ್ಲಿಷಿಗೆ ಮಾಡಿಸಿ ಇಟ್ಟುಕೊಂಡರು. ಅವು ಲಂಡನ್ನಿನ ದೊಡ್ಡ ಗ್ರಂಥಾಲಯದಲ್ಲಿ ಉಳಿದಿವೆ. ವಿಚಿತ್ರ ನೋಡಿ. ಬಾಯಿ ಮುಚ್ಚಿಸಲು ಹೊರಟವರ ಕಡತದಲ್ಲೇ ನಮ್ಮವರ ಬಾಯಿಮಾತು ಉಳಿಯಿತು. ಸ್ವಂತ ಕೈಯಿಂದ ಬರೆದು ಮನೆಯ ಪೆಟ್ಟಿಗೆಯಲ್ಲಿ ಇಟ್ಟ ಕಾಗದಗಳು ಬಹಳ ಕಡಿಮೆ.

ಆ ಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಕಡಲು ದಾಟಿ ಹೋದರು. ಸುಮಾರು 74 ಸಾವಿರ ಜನ ತಿರುಗಿ ಬರಲಿಲ್ಲ. ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಕೂಡ ಹೋಗಿತ್ತು. ಅವರು ಹೋದದ್ದು ಬೆಲ್ಜಿಯಂಗೆ ಅಲ್ಲ, ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ಕಡೆಗೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ಪಡೆಯ ಜೊತೆ ಸೇರಿ ಹೈಫಾ ಪಟ್ಟಣವನ್ನು ಗೆದ್ದರು. ಎದುರಿಗೆ ಯಂತ್ರದ ಬಂದೂಕು, ಇವರ ಕೈಯಲ್ಲಿ ಈಟಿ ಮತ್ತು ಕತ್ತಿ. ಆ ಕತೆಯನ್ನು ಬೇರೆಯಾಗಿಯೇ ಓದಬೇಕು.

ಡಾಕ್ಟರು ತಿರುಗಿ ಬರಲಿಲ್ಲ

ಹೆಲ್ಮರ್ ಸತ್ತ ಮೇಲೆ ಮೆಕ್ರೇ ಮೊದಲಿನಂತೆ ಇರಲಿಲ್ಲ. ಅದೇ ವರ್ಷ ಜೂನ್ ತಿಂಗಳಲ್ಲಿ ಅವರನ್ನು ಫ್ರಾನ್ಸಿನ ಸಮುದ್ರ ತೀರದ ಒಂದು ದೊಡ್ಡ ಸೈನಿಕ ಆಸ್ಪತ್ರೆಗೆ ಹಾಕಿದರು. ಅಲ್ಲಿ ಅವರಿಗೆ ಬೆಚ್ಚನೆಯ ಕೋಣೆ ಸಿಗುತ್ತಿತ್ತು. ಅವರು ಬೇಡ ಎಂದರು. ಕಂದಕದಲ್ಲಿ ಇರುವವರು ಚಳಿಯಲ್ಲಿ ಮಲಗುವಾಗ ನನಗೇಕೆ ಕೋಣೆ ಎಂದು ಡೇರೆಯಲ್ಲೇ ಮಲಗಿದರು. ಮೊದಲೇ ಅವರಿಗೆ ಉಬ್ಬಸ ಇತ್ತು. ಮೈ ಕೆಟ್ಟಿತು. ನಗು ಕಡಿಮೆಯಾಯಿತು. ಬಿಡುವು ಸಿಕ್ಕಾಗ ಬಾನ್‌ಫೈರ್ ಕುದುರೆ ಹತ್ತಿ, ಬಾನೋ ಎಂಬ ನಾಯಿಯನ್ನು ಜೊತೆ ಮಾಡಿಕೊಂಡು ಹೊಲಗಳ ನಡುವೆ ಒಬ್ಬರೇ ಸುತ್ತಿ ಬರುತ್ತಿದ್ದರು.

1918ರ ಜನವರಿ 28ರಂದು ನ್ಯುಮೋನಿಯಾ ಜ್ವರದಿಂದ ಅವರು ತೀರಿಕೊಂಡರು. 45 ವರ್ಷ ವಯಸ್ಸು. ಯುದ್ಧ ಮುಗಿಯಲು ಇನ್ನೂ ಒಂಬತ್ತು ತಿಂಗಳಿತ್ತು. ಶವದ ಮೆರವಣಿಗೆಯ ಮುಂದೆ ಬಾನ್‌ಫೈರ್ ನಡೆಯಿತು. ಜೀನಿನ ಮೇಲೆ ಯಾರೂ ಇಲ್ಲ. ರಿಕಾಪಿನಲ್ಲಿ ಅವರ ಬೂಟುಗಳನ್ನು ಹಿಂದು ಮುಂದಾಗಿ ಸಿಕ್ಕಿಸಿದ್ದರು. ಸವಾರ ಇನ್ನು ಹತ್ತುವುದಿಲ್ಲ ಎಂಬುದಕ್ಕೆ ಅದು ಸೈನ್ಯದ ಪದ್ಧತಿ.

ಹೂವು ಕಾಗದವಾಯಿತು

ಈಗ ಅಮೆರಿಕಕ್ಕೆ ಹೋಗೋಣ. ಮೊಯಿನಾ ಮೈಕೇಲ್ ಎಂಬ ಮೇಡಂ ಒಬ್ಬರಿದ್ದರು. ಜಾರ್ಜಿಯಾ ರಾಜ್ಯದಲ್ಲಿ ಪಾಠ ಹೇಳುವವರು. 1918ರ ನವೆಂಬರ್ 9ರಂದು, ಯುದ್ಧ ನಿಲ್ಲಲು ಎರಡೇ ದಿನ ಇದ್ದಾಗ, ನ್ಯೂಯಾರ್ಕಿನಲ್ಲಿ ಒಂದು ಪತ್ರಿಕೆಯಲ್ಲಿ ಅವರು ಮೆಕ್ರೇ ಕವಿತೆ ಓದಿದರು. ಓದಿ ಸುಮ್ಮನಾಗಲಿಲ್ಲ. ಸತ್ತವರ ನೆನಪಿಗೆ ಇನ್ನು ಮುಂದೆ ಕೆಂಪು ಪಾಪಿ ಧರಿಸುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತರು. ಅಂಗಡಿ ಅಂಗಡಿ ತಿರುಗಿ ರೇಷ್ಮೆಯ ಪಾಪಿ ಹೂವು ಕೊಂಡರು. ಒಂದು ತಮಗೆ, ಉಳಿದದ್ದು ಅಲ್ಲಿದ್ದವರಿಗೆ.

ಫ್ರಾನ್ಸಿನ ಆನ್ನಾ ಗೆರಾಂ ಎಂಬ ಹೆಂಗಸು ಇದನ್ನು ಇನ್ನೂ ಮುಂದಕ್ಕೆ ತಂದರು. ಯುದ್ಧದಲ್ಲಿ ಗಂಡ ಸತ್ತ ಹೆಂಗಸರು, ಅಪ್ಪ ಸತ್ತ ಮಕ್ಕಳು ಬಟ್ಟೆಯಲ್ಲಿ ಪಾಪಿ ಹೂವು ಮಾಡಬೇಕು. ಅದನ್ನು ಮಾರಿ ಬಂದ ಹಣ ಅವರ ಹೊಟ್ಟೆಗೆ ಆಗಬೇಕು. ಇದು ಅವರ ಯೋಚನೆ. ನನಗೆ ಈ ಹೆಂಗಸಿನ ಲೆಕ್ಕಾಚಾರ ಬಹಳ ಹಿಡಿಸಿತು. ಬರೀ ಕಣ್ಣೀರಿನಿಂದ ಒಲೆ ಉರಿಯುವುದಿಲ್ಲವಲ್ಲ!

1921ರಲ್ಲಿ ಅವರು ಈ ಹೂವನ್ನು ಇಂಗ್ಲೆಂಡಿಗೆ ತಂದರು. ಆ ವರ್ಷ ನವೆಂಬರ್ 11ರಂದು ಅಲ್ಲಿ ಮೊದಲ ಪಾಪಿ ದಿನ. ತಂದ ಹೂವೆಲ್ಲ ಖರ್ಚಾಯಿತು. ಒಂದು ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿತು. ಮರುವರ್ಷ ಜಾರ್ಜ್ ಹೌಸನ್ ಎಂಬ ಸೈನ್ಯಾಧಿಕಾರಿ ಲಂಡನ್ನಿನಲ್ಲಿ ಪಾಪಿ ಹೂವಿನ ಕಾರ್ಖಾನೆಯನ್ನೇ ತೆರೆದರು. ಅಲ್ಲಿ ಕೆಲಸಕ್ಕೆ ಸೇರಿದವರು ಯುದ್ಧದಲ್ಲಿ ಅಂಗ ಊನವಾದ ಐದು ಜನ ಸೈನಿಕರು. ಒಂದು ಕೈ ಇಲ್ಲದವರೂ ಮಾಡಬಲ್ಲ ಹಾಗೆ ಹೂವಿನ ನಮೂನೆ ಇತ್ತು.

ಈ ಹೂವು ಎಲ್ಲರಿಗೂ ಹಿಡಿಸಿತು ಎಂದಲ್ಲ. ಗಂಡನನ್ನು, ಮಗನನ್ನು ಕಳೆದುಕೊಂಡ ಹೆಂಗಸರು ಕೆಲವರು ಕೇಳಿದರು: ಸತ್ತವರನ್ನು ನೆನೆಯುವುದು ಸರಿ, ಇನ್ನೊಂದು ಯುದ್ಧ ಬೇಡ ಎನ್ನುವುದು ಯಾವಾಗ? 1933ರಲ್ಲಿ ಇಂಗ್ಲೆಂಡಿನ ಸಹಕಾರಿ ಮಹಿಳಾ ಸಂಘದವರು ಬಿಳಿ ಪಾಪಿ ಹೂವು ಮಾಡಿ ಹಂಚಿದರು. ಬಿಳಿ ಹೂವು ಹಾಕಿಕೊಂಡವರಿಗೆ ಬೈಗುಳವೂ ಸಿಕ್ಕಿತು. ಫ್ರಾನ್ಸಿನವರದು ಬೇರೆ ಹೂವು. ಅವರ ಹೊಲದಲ್ಲಿ ಬೆಳೆಯುವ ಒಂದು ನೀಲಿ ಹೂವನ್ನು ಅವರು ಧರಿಸುತ್ತಾರೆ. ಭಾರತದ ಸೈನಿಕರನ್ನು ನೆನೆಯಲು ಚೆಂಡುಹೂವು ಇರಲಿ ಎಂದು ಈಚಿನ ವರ್ಷಗಳಲ್ಲಿ ದೆಹಲಿಯ ಒಂದು ಸೇನಾ ಅಧ್ಯಯನ ಸಂಸ್ಥೆ ಹೇಳಿದೆ. ನಮಗೆ ಅದು ಒಪ್ಪುವ ಹೂವೇ. ಮದುವೆಗೂ ಅದೇ, ಆಯುಧಪೂಜೆಗೂ ಅದೇ, ಚಟ್ಟಕ್ಕೂ ಅದೇ.

ನಮ್ಮ ದೇಶದಲ್ಲಿ ಪಾಪಿ ದಿನ ನಡೆಯುವುದಿಲ್ಲ. ನಮ್ಮದು ಡಿಸೆಂಬರ್ 7, ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದು ಬಂದಿದೆ. ಶಾಲೆಯ ಮಕ್ಕಳು ಅಂಗಿಗೆ ಪುಟ್ಟ ಬಾವುಟ ಸಿಕ್ಕಿಸಿಕೊಂಡು ಬರುವುದನ್ನು ನೀವು ನೋಡಿರಬಹುದು. ಅದರಲ್ಲಿ ಮೂರು ಬಣ್ಣ. ಕೆಂಪು ಭೂಸೇನೆಗೆ, ಕಡು ನೀಲಿ ನೌಕಾಸೇನೆಗೆ, ತಿಳಿ ನೀಲಿ ವಾಯುಸೇನೆಗೆ. ಆ ಬಾವುಟಕ್ಕೆ ಕೊಟ್ಟ ಕಾಸು ಸತ್ತ ಸೈನಿಕರ ಮನೆಯವರಿಗೆ, ಗಾಯಗೊಂಡವರಿಗೆ, ನಿವೃತ್ತರಿಗೆ ಹೋಗುತ್ತದೆ. ನಿಮ್ಮ ಊರಿನಲ್ಲಿ ಸೈನಿಕರ ವಿಧವೆ ಇದ್ದರೆ, ಅವರಿಗೆ ಸಿಗಬೇಕಾದ ಸೌಲಭ್ಯ ತಿಳಿಯದಿದ್ದರೆ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಅರ್ಜಿ ಬರೆದುಕೊಡಿ ಎಂದು ಅವರು ಕೇಳಿದರೆ, ಈಗ ನೀವೇ ಬರೆದುಕೊಡಬಲ್ಲಿರಿ.

ಗೋರಿ ಎಲ್ಲಿ?

ಮೆಕ್ರೇ ಗೋರಿ ಫ್ರಾನ್ಸಿನ ವಿಮರೂ ಎಂಬ ಊರಿನಲ್ಲಿದೆ. ಹೆಲ್ಮರನ ಗೋರಿ ಇಲ್ಲ. ಅವನನ್ನು ಹೂತ ಜಾಗದ ಮೇಲೆ ಯುದ್ಧ ಮತ್ತೆ ಮತ್ತೆ ಹರಿಯಿತು. ಮರದ ಶಿಲುಬೆ ಹೋಯಿತು, ಗುರುತು ಹೋಯಿತು. ಯಾವ ಗೋರಿಯನ್ನು ನೋಡುತ್ತಾ ಆ ಕವಿತೆ ಹುಟ್ಟಿತೋ ಅದೇ ಗೋರಿ ಸಿಗಲಿಲ್ಲ.

ಕಾಲುವೆ ದಂಡೆಯ ಆ ಜಾಗದಲ್ಲಿ ಈಗ ಸೈನಿಕರ ಸ್ಮಶಾನ ಇದೆ. ಸಾವಿರಕ್ಕೂ ಹೆಚ್ಚು ಕಲ್ಲುಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಒಂದು, ವಯಸ್ಸು ಮುಚ್ಚಿಟ್ಟು ಸೈನ್ಯ ಸೇರಿದ 15 ವರ್ಷದ ಹುಡುಗನದು. ಶಾಲೆಯ ಮಕ್ಕಳು ಬಂದಾಗ ಅದೇ ಕಲ್ಲಿನ ಮುಂದೆ ಹೆಚ್ಚು ಪಾಪಿ ಹೂವು ಇಟ್ಟು ಹೋಗುತ್ತಾರೆ.

ಈಪ್ರ್ ಪಟ್ಟಣದ ಹೆಬ್ಬಾಗಿಲಿನಲ್ಲಿ ಮೆನಿನ್ ಗೇಟ್ ಎಂಬ ದೊಡ್ಡ ಕಮಾನು ಕಟ್ಟಿದ್ದಾರೆ. 1927ರಲ್ಲಿ ತೆರೆದದ್ದು. ಅದರ ಗೋಡೆಗಳ ತುಂಬ ಹೆಸರುಗಳು. ಆ ಸೀಮೆಯಲ್ಲಿ ಸತ್ತು, ಗೋರಿಯೇ ಸಿಗದ 54 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು. ಹೆಲ್ಮರ್ ಹೆಸರು ಅಲ್ಲಿದೆ. ಭಾರತದ ಸೈನಿಕರ ಹೆಸರುಗಳೂ ಅದೇ ಗೋಡೆಯಲ್ಲಿವೆ. ತಮ್ಮ ಹೆಸರು ಬರೆಯಲು ಬಾರದೆ ಹೆಬ್ಬೆಟ್ಟು ಒತ್ತಿ ಸೈನ್ಯ ಸೇರಿದವರ ಹೆಸರನ್ನು ಅಲ್ಲಿ ಕಲ್ಲಿನಲ್ಲಿ ಕೊರೆದಿದ್ದಾರೆ.

ದಿನಾ ರಾತ್ರಿ ಎಂಟು ಗಂಟೆಗೆ ಆ ಕಮಾನಿನ ಕೆಳಗೆ ವಾಹನ ನಿಲ್ಲಿಸುತ್ತಾರೆ. ಊರಿನ ಕಹಳೆಯವರು ಬಂದು ಕಹಳೆ ಊದುತ್ತಾರೆ. 1928ರಲ್ಲಿ ಶುರುವಾದ ಪದ್ಧತಿ ಇದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಊರನ್ನು ಹಿಡಿದಿದ್ದಾಗ ಮಾತ್ರ ನಿಂತಿತ್ತು. ನವೆಂಬರ್ 11ರಂದು ಕಮಾನಿನ ಮೇಲಿಂದ ಪಾಪಿ ಹೂವಿನ ಕೆಂಪು ಎಸಳುಗಳನ್ನು ಸುರಿಯುತ್ತಾರೆ. ಅವು ಗಾಳಿಯಲ್ಲಿ ತಿರುಗುತ್ತಾ ಕೆಳಗೆ ನಿಂತವರ ತಲೆಯ ಮೇಲೆ, ಹೆಗಲ ಮೇಲೆ ಬೀಳುತ್ತವೆ.

ಓದಿದ ಮೇಲೆ ಮಾತಾಡಿ

ನಿಮ್ಮ ಊರಿನಿಂದ ಸೈನ್ಯಕ್ಕೆ ಹೋದವರು ಯಾರು? ಅವರ ಮನೆಯಲ್ಲಿ ಅವರ ಯಾವ ವಸ್ತುವನ್ನು ಜೋಪಾನವಾಗಿ ಇಟ್ಟಿದ್ದಾರೆ?

ಕಾಗದವನ್ನು ಬೇರೆಯವರಿಂದ ಬರೆಸಿದಾಗ ನಿಮಗೆ ಹೇಳಲು ಆಗದೆ ಉಳಿದ ಮಾತು ಯಾವುದು?

ಕೆಂಪು ಹೂವು, ಬಿಳಿ ಹೂವು — ನೀವಾಗಿದ್ದರೆ ಯಾವುದನ್ನು ಧರಿಸುತ್ತಿದ್ದಿರಿ? ಯಾಕೆ? ನಾಲ್ಕು ಸಾಲು ಬರೆಯಿರಿ.